ಹೆತ್ತವರು ಮಕ್ಕಳ ಮೇಲೆ ಅರ್ಜಿ ಹಾಕಿದಾಗ: ಸಿಂಗಾಪುರದ ಒಂದು ಪ್ರಕರಣ ಅಧ್ಯಯನ

ಸಿಂಗಾಪುರದಲ್ಲಿ 60 ವರ್ಷ ತುಂಬಿದ, ತನ್ನ ಖರ್ಚು ತಾನೇ ನೋಡಿಕೊಳ್ಳಲಾಗದ ತಂದೆ ಅಥವಾ ತಾಯಿ ತಮ್ಮ ಮಕ್ಕಳ ವಿರುದ್ಧ ಅರ್ಜಿ ಹಾಕಬಹುದು. ತಿಂಗಳಿಗೆ ಇಷ್ಟು ಕೊಡಿ ಎಂದು ನ್ಯಾಯಮಂಡಳಿ ಮಕ್ಕಳಿಗೆ ಆದೇಶ ಮಾಡಬಹುದು. ಮಗ, ಮಗಳು ಎಂಬ ಭೇದ ಇಲ್ಲ. ಚೀನೀಯರು, ಮಲಯರು, ತಮಿಳರು ಎಂಬ ಭೇದವೂ ಇಲ್ಲ. 1995ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಒಪ್ಪಿದ ಪೋಷಕರ ಜೀವನಾಂಶ ಕಾಯ್ದೆ ಕೊಟ್ಟ ಹಕ್ಕು ಇದು. ಅದರ ನ್ಯಾಯಮಂಡಳಿ 1996ರಲ್ಲಿ ಕೆಲಸ ಶುರು ಮಾಡಿತು.

ಈ ಕಾಯ್ದೆಯ ವಿಷಯ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: "ಅದು ಕನ್‌ಫ್ಯೂಷಿಯಸ್ ಸಂಸ್ಕೃತಿ, ಅಲ್ಲಿ ಹೆತ್ತವರನ್ನು ನೋಡಿಕೊಳ್ಳೋದು ರಕ್ತದಲ್ಲೇ ಇದೆ." ಸಮಾಜಕಾರ್ಯದ ಬರಹಗಳಲ್ಲೂ ಈ ಸಾಲು ಬೇರೆ ಬೇರೆ ರೂಪದಲ್ಲಿ ಕಾಣುತ್ತದೆ. ಮೊದಲ ಪ್ಯಾರಾದಲ್ಲಿ ಪ್ರಾಚೀನ ಚೀನಾದ ಚಿಂತಕ ಕನ್‌ಫ್ಯೂಷಿಯಸ್ ಬರುತ್ತಾನೆ, ಒಂದು ನಮಸ್ಕಾರ ತೆಗೆದುಕೊಂಡು ಹೋಗಿಬಿಡುತ್ತಾನೆ. ಆಮೇಲೆ ಬರುವ ವಿಶ್ಲೇಷಣೆಗೆ ಅವನ ಸಂಬಂಧವೇ ಇರುವುದಿಲ್ಲ. ನನಗೆ ಇದು ಸರಿ ಅನ್ನಿಸಿಲ್ಲ. ರಕ್ತದಲ್ಲೇ ಇದ್ದರೆ ಕಾಯ್ದೆ ಯಾಕೆ ಬೇಕಿತ್ತು? ಈ ಒಂದು ಪ್ರಕರಣವನ್ನು ಹಿಡಿದು, ಕನ್‌ಫ್ಯೂಷಿಯಸ್ ಪರಂಪರೆಯ ಹಳೆಯ ಗ್ರಂಥಗಳನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಆ ಗ್ರಂಥಗಳು ಕಾಯ್ದೆಯ ಪರವಾಗಿಯೂ ಇಲ್ಲ, ಅರ್ಜಿ ಹಾಕಿದ ಅಪ್ಪನ ಪರವಾಗಿಯೂ ಇಲ್ಲ. ಅಪ್ಪ ಮತ್ತು ಮಕ್ಕಳ ನಡುವೆ ಕೂತ ಸಮಾಜಕಾರ್ಯಕರ್ತೆಯ ಕೆಲಸಕ್ಕೆ ಅವು ಹತ್ತಿರ ಇವೆ.

ಕಾಯ್ದೆ ಬಂದ ದಾರಿ

1994ರಲ್ಲಿ ಈ ಮಸೂದೆಯನ್ನು ತಂದವರು ವಾಲ್ಟರ್ ವೂನ್. ಕಾನೂನಿನ ಪ್ರಾಧ್ಯಾಪಕರು, ಆಗ ನಾಮನಿರ್ದೇಶಿತ ಸಂಸದರು. ಸರ್ಕಾರ ತಂದ ಮಸೂದೆ ಅಲ್ಲ ಅದು. 1965ರಲ್ಲಿ ಸಿಂಗಾಪುರ ಸ್ವತಂತ್ರ ದೇಶವಾದ ಮೇಲೆ ಖಾಸಗಿ ಸದಸ್ಯರೊಬ್ಬರು ತಂದು ಸಾರ್ವಜನಿಕ ಕಾನೂನಾದ ಮೊದಲ ಮಸೂದೆ ಇದೇ. ಆಯ್ಕೆ ಸಮಿತಿಯ ಮುಂದೆ ಹೋಗಿ, ಜನರ ಅಭಿಪ್ರಾಯ ಕೇಳಿ, ಆಮೇಲೆ ಅಂಗೀಕಾರ ಆಯಿತು.

ಅದಕ್ಕೂ ಮೊದಲಿನ ಹದಿಮೂರು ವರ್ಷಗಳ ಗಾಳಿಯನ್ನು ಸ್ವಲ್ಪ ನೋಡಬೇಕು. 1982ರಲ್ಲಿ ಸಿಂಗಾಪುರ ಸರ್ಕಾರ ಹೈಸ್ಕೂಲ್ ಮಕ್ಕಳಿಗೆ ಕನ್‌ಫ್ಯೂಷಿಯಸ್ ನೀತಿ ಕಲಿಸಲು ಹೊರಟಿತು. ಹಾರ್ವರ್ಡ್‌ನಿಂದ ತು ವೇಮಿಂಗ್ ಸೇರಿದಂತೆ ವಿದೇಶದ ಹಲವು ವಿದ್ವಾಂಸರನ್ನು ಕರೆಸಿತು. 1984ರಿಂದ ಪಾಠ ನಡೆಯಿತು. ಆದರೆ ಧರ್ಮ ಶಿಕ್ಷಣದ ಆಯ್ಕೆಗಳಲ್ಲಿ ಮಕ್ಕಳು ಬೌದ್ಧ ಅಧ್ಯಯನವನ್ನೇ ಜಾಸ್ತಿ ಆರಿಸಿಕೊಂಡರು. 1989ರಲ್ಲಿ ಇಡೀ ಧರ್ಮ ಶಿಕ್ಷಣವನ್ನೇ ಹಂತಹಂತವಾಗಿ ನಿಲ್ಲಿಸುವ ತೀರ್ಮಾನ ಆಯಿತು. 1991ರಲ್ಲಿ ಸರ್ಕಾರ ಐದು ಹಂಚಿಕೊಂಡ ಮೌಲ್ಯಗಳ ಶ್ವೇತಪತ್ರ ಹೊರಡಿಸಿತು. ಅದರಲ್ಲಿ ಒಂದು, ಕುಟುಂಬವೇ ಸಮಾಜದ ಮೂಲ ಘಟಕ. ಇನ್ನೊಂದು, ಜಗಳಕ್ಕಿಂತ ಒಮ್ಮತ. ನಾಲ್ಕು ವರ್ಷ ಆದ ಮೇಲೆ ಈ ಕಾಯ್ದೆ ಬಂತು. ಹಾಗಾಗಿ ಅದಕ್ಕೆ ಕನ್‌ಫ್ಯೂಷಿಯಸ್ ಬಣ್ಣ ಅಂಟಿದ್ದು ಸಹಜವೇ.

ಆದರೆ ಇಂಥ ಕಾನೂನಿನ ಬೇರು ಚೀನಾದಲ್ಲಿ ಮಾತ್ರ ಇಲ್ಲ. 1601ರ ಇಂಗ್ಲೆಂಡಿನ ಬಡವರ ಕಾನೂನು ಬಡ ತಂದೆತಾಯಿಯ ಹೊಣೆಯನ್ನು ಅನುಕೂಲಸ್ಥ ಮಕ್ಕಳ ಮೇಲೆ ಹಾಕಿತ್ತು. ಆ ಹೊಣೆ ಅಲ್ಲಿ 1948ರಲ್ಲಷ್ಟೇ ಕಳಚಿತು. ಅಮೆರಿಕದ ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಅಂಥ ಕಾನೂನು ಈಗಲೂ ಪುಸ್ತಕದಲ್ಲಿದೆ. ಇನ್ನೊಂದು ಕಡೆ, ಚೀನಾದ ತಾಂಗ್ ರಾಜವಂಶದ ಕ್ರಿ.ಶ. 653ರ ಕಾನೂನು ಸಂಹಿತೆ ಹೆತ್ತವರನ್ನು ಸಾಕದ ಮಕ್ಕಳಿಗೆ ಎರಡು ವರ್ಷದ ಶ್ರಮಶಿಕ್ಷೆ ಹೇಳಿತ್ತು. ಅಂದರೆ ಚೀನಾದ ರಾಜರೂ ಈ ವಿಷಯದಲ್ಲಿ ಬರೀ ಉಪದೇಶ ನಂಬಿ ಕೂತಿರಲಿಲ್ಲ. ಪೂರ್ವ ಅಂದರೆ ಪ್ರೀತಿ, ಪಶ್ಚಿಮ ಅಂದರೆ ಕಾನೂನು ಎಂಬ ಸುಲಭದ ಗೆರೆ ಇಲ್ಲಿ ನಿಲ್ಲುವುದಿಲ್ಲ.

ಕಾಯ್ದೆಯ ಒಳಗೆ ಒಂದು ಮುಖ್ಯ ಕಲಂ ಮೊದಲಿನಿಂದಲೂ ಇತ್ತು. ತಂದೆಯೋ ತಾಯಿಯೋ ಆ ಮಗುವನ್ನು ಹಿಂದೆ ಬಿಟ್ಟುಹೋಗಿದ್ದರೆ, ಹಿಂಸಿಸಿದ್ದರೆ, ನಿರ್ಲಕ್ಷ್ಯ ಮಾಡಿದ್ದರೆ, ನ್ಯಾಯಮಂಡಳಿ ಅರ್ಜಿಯನ್ನು ತಳ್ಳಿಹಾಕಬಹುದು ಅಥವಾ ಮೊತ್ತ ಕಡಿಮೆ ಮಾಡಬಹುದು. ಈ ಕಲಮ್ಮಿಗೆ ಆಮೇಲೆ ಮತ್ತೆ ಬರುತ್ತೇನೆ.

ಅನ್ನ ಸಿಗುತ್ತದೆ, ಮುಖ ಸಿಗುವುದಿಲ್ಲ

ಚೀನೀ ಭಾಷೆಯಲ್ಲಿ ಹೆತ್ತವರ ಕಡೆಗಿನ ಕರ್ತವ್ಯಕ್ಕೆ ಶಿಯಾವ್ ಎನ್ನುತ್ತಾರೆ. ಅದನ್ನು ಬರೆಯುವ ಅಕ್ಷರದಲ್ಲಿ ಮೇಲೆ ಮುದುಕ, ಕೆಳಗೆ ಮಗು. ಮಗು ಮುದುಕನನ್ನು ಹೊತ್ತ ಹಾಗೆ ಕಾಣುತ್ತದೆ. ನಾವು ಮಾತೃಭಕ್ತಿ, ಪಿತೃಭಕ್ತಿ ಎಂದು ಅನುವಾದ ಮಾಡಿ ಮುಂದೆ ಹೋಗುತ್ತೇವೆ. ಆದರೆ ಕನ್‌ಫ್ಯೂಷಿಯಸ್‌ನ ಮಾತುಗಳ ಸಂಗ್ರಹವಾದ ಅನಲೆಕ್ಟ್ಸ್‌ನ ಎರಡನೇ ಅಧ್ಯಾಯದಲ್ಲಿ ಈ ಪದದ ಬಗ್ಗೆ ಬೇರೆ ಬೇರೆ ಜನ ಕನ್‌ಫ್ಯೂಷಿಯಸ್‌ನನ್ನು ಕೇಳುತ್ತಾರೆ, ಅವನು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಾನೆ.

ತ್ಸೆಯು ಎಂಬ ಶಿಷ್ಯನಿಗೆ ಕೊಟ್ಟ ಉತ್ತರದ ಸಾರ ಹೀಗಿದೆ. ಈಗಿನ ಕಾಲದಲ್ಲಿ ಶಿಯಾವ್ ಅಂದರೆ ಹೆತ್ತವರಿಗೆ ಊಟ ಹಾಕುವುದು ಅಂತ ಆಗಿಬಿಟ್ಟಿದೆ. ನಾಯಿಗೂ ಕುದುರೆಗೂ ನಾವು ಊಟ ಹಾಕುತ್ತೇವೆ. ಗೌರವ ಇಲ್ಲದಿದ್ದರೆ ಎರಡಕ್ಕೂ ಏನು ವ್ಯತ್ಯಾಸ? ಇನ್ನೊಬ್ಬ ಶಿಷ್ಯ ತ್ಸೆಶಿಯಾಗೆ ಇನ್ನೂ ಚಿಕ್ಕ ಉತ್ತರ: ಕಷ್ಟ ಇರುವುದು ಮುಖದಲ್ಲಿ. ಹಿರಿಯರ ಕೆಲಸ ಮಾಡಿಕೊಡುವುದು, ಊಟ ಅವರಿಗೇ ಮೊದಲು ಬಡಿಸುವುದು, ಇಷ್ಟು ಮಾಡಿದರೆ ಆಯಿತೇ ಅಂತ ಅವನು ಕೇಳುತ್ತಾನೆ. ಬಡಿಸುವಾಗ ನಿನ್ನ ಮುಖ ಹೇಗಿತ್ತು ಎನ್ನುವುದೇ ನಿಜವಾದ ಪ್ರಶ್ನೆ ಅಂತ ಅರ್ಥ.

ಕನ್ನಡದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ "ಹಂಗಿನ ಅನ್ನ" ಎನ್ನುವ ಮಾತಿದೆ. ತಟ್ಟೆಯಲ್ಲಿ ಅನ್ನ ಇರುತ್ತದೆ, ಗಂಟಲಿನಲ್ಲಿ ಇಳಿಯುವುದಿಲ್ಲ. ನ್ಯಾಯಮಂಡಳಿ ಕೊಡಿಸಬಹುದಾದದ್ದು ತಿಂಗಳ ಮೊತ್ತ. ಬ್ಯಾಂಕಿನಿಂದ ತಾನಾಗಿ ಕಟ್ ಆಗಿ ಹೋಗುವ ದುಡ್ಡಿಗೆ ಮುಖ ಇಲ್ಲ. ಕಾಯ್ದೆಯನ್ನು ಬೆಂಬಲಿಸಿದವರ ವಾದದಲ್ಲೂ ಸತ್ಯ ಇದೆ. ಹಸಿದವನಿಗೆ ಮುಖಕ್ಕಿಂತ ಮೊದಲು ಅನ್ನ ಬೇಕು. ನಾನು ಅದನ್ನು ಒಪ್ಪುತ್ತೇನೆ. ಆದರೆ ಆ ಅನ್ನಕ್ಕೆ ಕನ್‌ಫ್ಯೂಷಿಯಸ್‌ನ ಹೆಸರು ಇಡಲು ಬರುವುದಿಲ್ಲ, ಯಾಕೆಂದರೆ ಅಷ್ಟಕ್ಕೇ ನಿಂತರೆ ಅದು ಶಿಯಾವ್ ಅಲ್ಲ ಅಂತ ಅವನೇ ಹೇಳಿದ್ದಾನೆ.

ಚೀನಾ ಈ ಕೊರತೆಯನ್ನು ಕಾನೂನಿನಿಂದಲೇ ತುಂಬಲು ನೋಡಿತು. ಹಿರಿಯರ ಹಕ್ಕುಗಳ ಕಾನೂನಿಗೆ ಮಾಡಿದ ತಿದ್ದುಪಡಿ 2013ರ ಜುಲೈ 1ರಂದು ಜಾರಿಗೆ ಬಂತು. ದೂರ ಇರುವ ಮಕ್ಕಳು ಹೆತ್ತವರನ್ನು ಆಗಾಗ ಭೇಟಿ ಮಾಡಬೇಕು, ಕ್ಷೇಮ ವಿಚಾರಿಸಬೇಕು ಎಂದು ಅದರಲ್ಲಿ ಬರೆದರು. ಅದೇ ದಿನ ವೂಶಿ ನಗರದ ನ್ಯಾಯಾಲಯ, ಎರಡು ತಿಂಗಳಿಗೆ ಒಮ್ಮೆಯಾದರೂ ಹೋಗಿ ನೋಡು ಎಂದು ಒಬ್ಬ ಮಗಳಿಗೆ ಆದೇಶ ಮಾಡಿತು. ತಾಯಿಗೆ 77 ವರ್ಷ. ಆದೇಶದಿಂದ ಮಗಳು ಬಾಗಿಲಿನ ತನಕ ಬರಬಹುದು. ಬಾಗಿಲು ತೆರೆದಾಗ ಅವಳ ಮುಖ ಹೇಗಿರಬೇಕು ಅಂತ ಯಾವ ನ್ಯಾಯಾಧೀಶರೂ ಬರೆಯಲಾರರು.

ಇಲ್ಲಿ ಅಧ್ಯಾತ್ಮ ಎಲ್ಲಿದೆ?

ಈ ಪ್ರಶ್ನೆ ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಬರುವುದು ಸಹಜ. ಕನ್‌ಫ್ಯೂಷಿಯಸ್ ದೇವರ ಬಗ್ಗೆ ಮಾತಾಡಿದ್ದು ಕಡಿಮೆ. ಆತ್ಮಗಳ ಸೇವೆಯ ಬಗ್ಗೆ ಕೇಳಿದಾಗ, ಇನ್ನೂ ಮನುಷ್ಯರ ಸೇವೆಯೇ ಬಂದಿಲ್ಲವಲ್ಲ ಎನ್ನುತ್ತಾನೆ. ಸಾವಿನ ಬಗ್ಗೆ ಕೇಳಿದರೆ, ಬದುಕೇ ಗೊತ್ತಿಲ್ಲವಲ್ಲ ಎನ್ನುತ್ತಾನೆ. ಹಾಗಾದರೆ ಇದು ಬರೀ ನಡವಳಿಕೆಯ ಪಾಠವೇ?

ಸಮಾಜಕಾರ್ಯದ ಜ್ಞಾನಲೋಕದಲ್ಲಿ ಇದಕ್ಕೆ ಗಂಭೀರವಾಗಿ ಉತ್ತರ ಹುಡುಕಿದವರಲ್ಲಿ ಎಡ್ವರ್ಡ್ ಕ್ಯಾಂಡಾ ಮುಖ್ಯರು. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಕಲಿಸಿದರು. ಯುವಕರಾಗಿದ್ದಾಗ 1970ರ ದಶಕದಲ್ಲಿ ಕೊರಿಯಾಕ್ಕೆ ಹೋಗಿ ಪೂರ್ವ ಏಷ್ಯಾದ ತತ್ತ್ವಶಾಸ್ತ್ರ ಓದಿದವರು. 1990ರಲ್ಲಿ ಅಧ್ಯಾತ್ಮ ಮತ್ತು ಸಮಾಜಕಾರ್ಯಕ್ಕಾಗಿಯೇ ಒಂದು ಸಂಘ ಕಟ್ಟಿದರು. ಅವರ ಪ್ರಕಾರ ಅಧ್ಯಾತ್ಮ ಮತ್ತು ಧರ್ಮ ಒಂದೇ ಅಲ್ಲ. ಬದುಕಿನ ಅರ್ಥ ಹುಡುಕುವುದು, ತನ್ನೊಂದಿಗೆ, ಇತರರೊಂದಿಗೆ, ಜಗತ್ತಿನೊಂದಿಗೆ ಸರಿಯಾದ ಸಂಬಂಧ ಕಟ್ಟಿಕೊಳ್ಳುವುದು, ಇದೇ ಅಧ್ಯಾತ್ಮ. ಧರ್ಮ ಅದಕ್ಕೆ ಇರುವ ಒಂದು ದಾರಿ. ಈ ಅರ್ಥದಲ್ಲಿ ನೋಡಿದರೆ ಕನ್‌ಫ್ಯೂಷಿಯಸ್ ಪರಂಪರೆಯ ಅಧ್ಯಾತ್ಮ ಊಟದ ಮೇಜಿನಲ್ಲಿದೆ, ಹಿರಿಯರಿಗೆ ಚಹಾ ಕೊಡುವ ಕೈಯಲ್ಲಿದೆ, ಸಮಾಧಿಯ ಮುಂದೆ ಊದುಬತ್ತಿ ಹಚ್ಚುವ ಆ ಎರಡು ನಿಮಿಷದಲ್ಲಿದೆ. ತು ವೇಮಿಂಗ್ ಕೂಡ ತಮ್ಮ ಬರಹಗಳಲ್ಲಿ ಇದನ್ನೇ ಹೇಳುತ್ತಾ ಬಂದರು. ಮನುಷ್ಯ ತನ್ನನ್ನು ತಿದ್ದಿಕೊಳ್ಳುವುದು ಈ ಪರಂಪರೆಯಲ್ಲಿ ಪರಮ ಗುರಿ, ಆದರೆ ಅದನ್ನು ಒಬ್ಬನೇ ಗುಹೆಯಲ್ಲಿ ಕೂತು ಮಾಡಲಾಗದು. ನಾಲ್ಕು ಜನರ ನಡುವೆಯೇ ಮಾಡಬೇಕು.

ರೆನ್ ಎಂಬ ಪದ ಇದಕ್ಕೆಲ್ಲ ಬುಡ. ಮಾನವೀಯತೆ, ಅಂತಃಕರಣ ಎಂದು ಅನುವಾದಿಸಬಹುದು. ಆ ಅಕ್ಷರದಲ್ಲಿ ಒಂದು ಕಡೆ "ಮನುಷ್ಯ", ಇನ್ನೊಂದು ಕಡೆ "ಎರಡು". ಒಬ್ಬನೇ ಇದ್ದರೆ ರೆನ್ ಇಲ್ಲ.

ಈಗ ಸಮಾಜಕಾರ್ಯದ ನಮ್ಮ ತರಬೇತಿಯನ್ನು ನೆನಪಿಸಿಕೊಳ್ಳಿ. ಕರ್ನಾಟಕದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರು ಬೀಸ್ಟೆಕ್‌ನ ಏಳು ತತ್ತ್ವಗಳನ್ನು ಬಾಯಿಪಾಠ ಮಾಡಿರುತ್ತಾರೆ. ಫೀಲಿಕ್ಸ್ ಬೀಸ್ಟೆಕ್ ಅಮೆರಿಕದ ಜೆಸ್ಯೂಟ್ ಪಾದ್ರಿ, 1957ರಲ್ಲಿ ಆ ಏಳನ್ನು ಜೋಡಿಸಿಟ್ಟರು. ಅದರಲ್ಲಿ ಸ್ವನಿರ್ಣಯದ ತತ್ತ್ವ ಬಹಳ ದೊಡ್ಡದು. ಕ್ಲೈಂಟ್ ತನ್ನ ಬದುಕಿನ ತೀರ್ಮಾನ ತಾನೇ ಮಾಡಬೇಕು, ನಾವು ಹೇರಬಾರದು. ಮುಂಬೈಯಲ್ಲಿ 1936ರಲ್ಲಿ ಭಾರತದ ಮೊದಲ ಸಮಾಜಕಾರ್ಯ ಶಾಲೆ ಶುರುವಾದದ್ದೂ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಷನರಿಯ ಮುಂದಾಳತ್ವದಲ್ಲಿ. ಸಿಂಗಾಪುರದಲ್ಲಿ ಸಮಾಜಕಾರ್ಯದ ಶಿಕ್ಷಣ 1952ರಲ್ಲಿ ಆರಂಭವಾದಾಗ ಅದು ಬ್ರಿಟಿಷ್ ವಸಾಹತು. ಹಾಗಾಗಿ ಎರಡೂ ಕಡೆ ನಮ್ಮ ಕೈಗೆ ಬಂದ ಪಾಠಗಳಲ್ಲಿ ವ್ಯಕ್ತಿ ಮೊದಲು ಬರುತ್ತಾನೆ, ಸಂಬಂಧ ಆಮೇಲೆ ಬರುತ್ತದೆ.

ಆ ಪಾಠ ತಪ್ಪು ಅಂತ ನಾನು ಹೇಳುತ್ತಿಲ್ಲ. ಹಿಂಸೆ ಅನುಭವಿಸಿದ ಎಷ್ಟೋ ಹೆಣ್ಣುಮಕ್ಕಳಿಗೆ ಸ್ವನಿರ್ಣಯ ಜೀವ ಉಳಿಸಿದೆ. ಆದರೆ ಅಪ್ಪನೂ ಮಗಳೂ ಎದುರುಬದುರು ಕೂತಿರುವಾಗ ಕ್ಲೈಂಟ್ ಯಾರು? ಅವರಿಬ್ಬರ ನಡುವೆ ಮುರಿದು ಬಿದ್ದಿರುವ ವಸ್ತುವೇ ಕ್ಲೈಂಟ್ ಅಂತ ಕನ್‌ಫ್ಯೂಷಿಯಸ್ ಓದಿದವರು ಹೇಳಬಹುದು.

ಲು ರಾಜ್ಯದ ಮೂರು ತಿಂಗಳು

ಕನ್‌ಫ್ಯೂಷಿಯಸ್‌ನ ಕಾಲ ಕ್ರಿ.ಪೂ. 551ರಿಂದ 479. ಅವನು ಆಗಿನ ಚೀನಾದ ಲು ರಾಜ್ಯದಲ್ಲಿ ನ್ಯಾಯಾಡಳಿತದ ಮಂತ್ರಿಯಾಗಿದ್ದ ಕಾಲದ ಒಂದು ಕಥೆಯನ್ನು, ಅದೇ ಪರಂಪರೆಯ ನಂತರದ ಚಿಂತಕ ಶುನ್‌ಜಿಯ ಹೆಸರಿನ ಗ್ರಂಥ ಉಳಿಸಿಕೊಂಡಿದೆ. ಅಪ್ಪ ಮತ್ತು ಮಗ ಒಬ್ಬರ ಮೇಲೊಬ್ಬರು ದಾವೆ ತಂದರು. ಕನ್‌ಫ್ಯೂಷಿಯಸ್ ಇಬ್ಬರನ್ನೂ ಒಳಗೆ ಹಾಕಿಸಿದ. ಮೂರು ತಿಂಗಳು ತೀರ್ಪೇ ಕೊಡಲಿಲ್ಲ. ಕೊನೆಗೆ ಅಪ್ಪನೇ ದಾವೆ ಸಾಕು ಎಂದ. ಇಬ್ಬರನ್ನೂ ಬಿಟ್ಟು ಕಳಿಸಿದ.

ಆ ರಾಜ್ಯದ ದೊಡ್ಡ ಅಧಿಕಾರಸ್ಥನಿಗೆ ಇದು ಸಿಟ್ಟು ತರಿಸಿತು. ಶಿಯಾವ್‌ನಿಂದಲೇ ರಾಜ್ಯ ನಡೆಸಬೇಕು ಅಂತ ಈ ಮನುಷ್ಯ ನನಗೆ ಹೇಳಿದ್ದ, ಈಗ ಒಬ್ಬ ಮಗನನ್ನು ಕೊಂದು ಎಲ್ಲರಿಗೂ ಪಾಠ ಕಲಿಸಬಹುದಿತ್ತು, ಬಿಟ್ಟುಬಿಟ್ಟನಲ್ಲ ಎಂದ. ಕನ್‌ಫ್ಯೂಷಿಯಸ್ ಕೊಟ್ಟ ಉತ್ತರದ ತಿರುಳು: ಜನರಿಗೆ ಏನನ್ನೂ ಕಲಿಸದೆ ಅವರ ವ್ಯಾಜ್ಯಕ್ಕೆ ತೀರ್ಪು ಕೊಟ್ಟರೆ ಅದು ನಿರಪರಾಧಿಯನ್ನು ಕೊಂದ ಹಾಗೆ. ಅನಲೆಕ್ಟ್ಸ್‌ನಲ್ಲೂ ಇದೇ ಧಾಟಿಯ ಮಾತಿದೆ. ವ್ಯಾಜ್ಯ ಕೇಳುವುದರಲ್ಲಿ ನಾನೂ ಎಲ್ಲರಂತೆಯೇ, ಆದರೆ ವ್ಯಾಜ್ಯವೇ ಹುಟ್ಟದ ಹಾಗೆ ಮಾಡಬೇಕಾದದ್ದು ಮುಖ್ಯ ಎನ್ನುತ್ತಾನೆ.

ಮೂರು ತಿಂಗಳ ಸೆರೆಯನ್ನು ಇವತ್ತು ಯಾರೂ ಶಿಫಾರಸು ಮಾಡಬಾರದು. ಆದರೆ ತೀರ್ಪಿಗೆ ಮೊದಲು ಸಮಯ ಕೊಡುವುದು, ಆ ಸಮಯವನ್ನೇ ಔಷಧಿ ಮಾಡುವುದು, ಇದು ಸಿಂಗಾಪುರಕ್ಕೆ ತಡವಾಗಿ ಬಂದ ಬುದ್ಧಿ. ಮೊದಲ ಹದಿನೈದು ವರ್ಷ ಪೋಷಕರು ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದಿತ್ತು. ಸೇಹ್ ಕಿಯಾನ್ ಪೆಂಗ್ ಮುಂದಾಳತ್ವದ ಸಂಸದರ ಗುಂಪು ತಂದ 2010ರ ತಿದ್ದುಪಡಿ 2011ರಲ್ಲಿ ಜಾರಿಗೆ ಬಂತು. ಆಮೇಲೆ ಮೊದಲು ಪೋಷಕರ ಜೀವನಾಂಶ ಆಯುಕ್ತರ ಕಚೇರಿಗೆ ಹೋಗಬೇಕು, ಅಲ್ಲಿ ರಾಜಿ ಮಾತುಕತೆ ನಡೆಯಬೇಕು. ಅದು ಕೂಡಿಬರದಿದ್ದರೆ ಮಾತ್ರ ನ್ಯಾಯಮಂಡಳಿ. ನನ್ನ ಮಟ್ಟಿಗೆ ಈ ಕಾಯ್ದೆ ಕನ್‌ಫ್ಯೂಷಿಯಸ್ ಕಡೆಗೆ ನಿಜವಾಗಿ ತಿರುಗಿದ್ದು 1995ರಲ್ಲಿ ಅಲ್ಲ, ಈ ತಿದ್ದುಪಡಿಯಲ್ಲಿ.

ದೊಡ್ಡ ಕೋಲು, ಚಿಕ್ಕ ಕೋಲು

ಈಗ ಆ ಕಲಮ್ಮಿಗೆ ಬರೋಣ. ಚಿಕ್ಕಂದಿನಲ್ಲಿ ಬೆಲ್ಟಿನಿಂದ ಹೊಡೆದ ಅಪ್ಪ, ಜೂಜಿಗೆ ಮನೆ ಮಾರಿ ಹೋದ ಅಪ್ಪ, ಮುಪ್ಪಿನಲ್ಲಿ ಬಂದು ಅರ್ಜಿ ಹಾಕುತ್ತಾನೆ. 2023ರವರೆಗೆ, ತಾನು ಅನುಭವಿಸಿದ್ದನ್ನು ನ್ಯಾಯಮಂಡಳಿಯ ಮುಂದೆ ಹೇಳಿಕೊಂಡು ಅರ್ಜಿ ತಳ್ಳಿಹಾಕಿಸಿಕೊಳ್ಳುವ ಹೊರೆ ಮಗ ಅಥವಾ ಮಗಳ ಮೇಲಿತ್ತು. ಹಳೆಯ ಗಾಯವನ್ನು ಮತ್ತೆ ತೆರೆದು ತೋರಿಸಬೇಕಿತ್ತು. 2023ರ ಜುಲೈನಲ್ಲಿ ಸಂಸತ್ತು ಮತ್ತೆ ತಿದ್ದುಪಡಿ ಮಾಡಿತು. ಮಕ್ಕಳನ್ನು ಹಿಂಸಿಸಿದ, ನಿರ್ಲಕ್ಷಿಸಿದ, ಬಿಟ್ಟುಹೋದ ಇತಿಹಾಸ ಇರುವ ಪೋಷಕರು ಅರ್ಜಿ ಹಾಕುವ ಮೊದಲು ನ್ಯಾಯಮಂಡಳಿಯ ಅನುಮತಿ ಪಡೆಯಬೇಕು. ದುಡ್ಡಿನ ಆದೇಶವಲ್ಲದೆ, ಸಮಾಲೋಚನೆಗೆ ಹೋಗಿ ಎಂಬಂಥ ನಿರ್ದೇಶನ ಕೊಡಲೂ ನ್ಯಾಯಮಂಡಳಿಗೆ ಅಧಿಕಾರ ಬಂತು.

"ಅಪ್ಪ ಏನೇ ಮಾಡಿರಲಿ, ಎಷ್ಟಾದರೂ ಅಪ್ಪ ಅಲ್ವಾ" ಎನ್ನುವುದೇ ಕನ್‌ಫ್ಯೂಷಿಯಸ್ ಮತ ಅಂತ ತಿಳಿದವರಿಗೆ ಈ ತಿದ್ದುಪಡಿ ಪರಂಪರೆಗೆ ವಿರುದ್ಧ ಅನ್ನಿಸಬಹುದು. ಅವರಿಗೆ ನಾನು ಜೆಂಗ್‌ಜಿಯ ಕಥೆ ಹೇಳುತ್ತೇನೆ. ಶಿಯಾವ್‌ಗೆ ಹೆಸರಾದ ಶಿಷ್ಯ ಅವನು. ಹೊಲದಲ್ಲಿ ಕಳೆ ತೆಗೆಯುವಾಗ ಬಳ್ಳಿಯ ಬೇರನ್ನು ತಪ್ಪಿ ಕಡಿದ. ಅಪ್ಪ ದೊಡ್ಡ ಕೋಲಿನಿಂದ ಬೆನ್ನಿಗೆ ಬಾರಿಸಿದ. ಜೆಂಗ್‌ಜಿ ಪ್ರಜ್ಞೆ ತಪ್ಪಿ ಬಿದ್ದ. ಎದ್ದ ಮೇಲೆ ಅಪ್ಪನ ಹತ್ತಿರ ಹೋಗಿ, ನಿಮ್ಮ ಕೈಗೆ ನೋವಾಯಿತೇ ಎಂಬರ್ಥದಲ್ಲಿ ವಿಚಾರಿಸಿದ. ಆಮೇಲೆ ಕೋಣೆಗೆ ಹೋಗಿ ತಂತಿವಾದ್ಯ ನುಡಿಸಿ ಹಾಡಿದ. ತನಗೇನೂ ಆಗಿಲ್ಲ ಅಂತ ಅಪ್ಪನಿಗೆ ಗೊತ್ತಾಗಲಿ ಅಂತ.

ಇದನ್ನು ಕೇಳಿ ಕನ್‌ಫ್ಯೂಷಿಯಸ್‌ಗೆ ಸಿಟ್ಟು ಬಂತು. ಅವನು ಬಂದರೆ ಒಳಗೆ ಬಿಡಬೇಡಿ ಎಂದ. ಪುರಾಣದ ಶುನ್ ರಾಜನ ಉದಾಹರಣೆ ಕೊಟ್ಟ. ಶುನ್‌ನ ಅಪ್ಪನೂ ಕ್ರೂರಿ. ಅಪ್ಪ ಚಿಕ್ಕ ಕೋಲು ಎತ್ತಿದಾಗ ಶುನ್ ನಿಂತು ತಿನ್ನುತ್ತಿದ್ದ, ದೊಡ್ಡ ಕೋಲು ಎತ್ತಿದಾಗ ಓಡಿಹೋಗುತ್ತಿದ್ದ. ನೀನು ನಿಂತುಕೊಂಡು ಸತ್ತಿದ್ದರೆ ಅಪ್ಪನನ್ನೇ ಕೊಲೆಗಾರ ಮಾಡುತ್ತಿದ್ದೆ, ಅದಕ್ಕಿಂತ ದೊಡ್ಡ ದ್ರೋಹ ಯಾವುದು ಎಂದ. ಈ ಕಥೆ ಕನ್‌ಫ್ಯೂಷಿಯಸ್‌ನ ಮನೆಮಾತುಗಳು ಎಂಬ, ನಂತರದ ಕಾಲದ ಸಂಗ್ರಹದಲ್ಲಿದೆ. ಹಾಗಾಗಿ ಇದನ್ನು ನಡೆದ ಇತಿಹಾಸ ಅನ್ನಲು ಬರುವುದಿಲ್ಲ. ಆದರೆ ಪರಂಪರೆ ಇದನ್ನು ಕಾಪಾಡಿಕೊಂಡು ಬಂದಿದೆ. ಹಿಂಸೆಯಿಂದ ಓಡಿಹೋಗುವುದೂ ಶಿಯಾವ್ ಎಂದು ಒಪ್ಪಿಕೊಂಡಿದೆ. ಚಿಕ್ಕ ಕೋಲಿನ ಏಟನ್ನು ನಾನು ಒಪ್ಪುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಮನೆಬಿಟ್ಟು ಓಡಿಬಂದ ಮಗಳೊಬ್ಬಳು ತಪ್ಪಿತಸ್ಥ ಭಾವದಲ್ಲಿ ಬೇಯುತ್ತಿರುವಾಗ, ನೀನು ಮಾಡಿದ್ದು ನಿನ್ನ ಪರಂಪರೆಯ ಒಳಗೇ ಸರಿ ಎಂದು ಹೇಳಲು ಒಬ್ಬ ಸಮಾಜಕಾರ್ಯಕರ್ತೆಗೆ ಇದಕ್ಕಿಂತ ಒಳ್ಳೆಯ ಮಾತು ಎಲ್ಲಿ ಸಿಗುತ್ತದೆ?

ಮೇಜಿನ ಎರಡು ಕಡೆ

ಈಗ ಒಂದು ಸನ್ನಿವೇಶ ಕಟ್ಟಿಕೊಳ್ಳೋಣ. ಇದು ಯಾರೊಬ್ಬರ ನಿಜ ಕಥೆ ಅಲ್ಲ, ಚರ್ಚೆಗಾಗಿ ನಾನು ಜೋಡಿಸಿದ್ದು. ತಂದೆಗೆ 74. ಸರ್ಕಾರಿ ವಸತಿಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇನ್ನೊಬ್ಬ ಮುದುಕನ ಜೊತೆ ಇದ್ದಾನೆ. ಮಗಳಿಗೆ 46. ಅವಳಿಗೆ ಒಂಬತ್ತು ವರ್ಷ ಇದ್ದಾಗ ಅಪ್ಪ ಸಾಲ ಮಾಡಿ ಮನೆ ಬಿಟ್ಟ. ಅಮ್ಮ ಸಾಲು ತಿಂಡಿ ಅಂಗಡಿಗಳಿರುವ ಹಾಕರ್ ಸೆಂಟರ್‌ನಲ್ಲಿ ಪಾತ್ರೆ ತೊಳೆದು ಸಾಕಿದಳು. ಅಮ್ಮ ಈಗ ಇಲ್ಲ. ತಂದೆ ತಿಂಗಳಿಗೆ 300 ಡಾಲರ್ ಕೇಳಿದ್ದಾನೆ. ಮಗಳು ಕೂತ ಕೂಡಲೇ ಹೇಳುತ್ತಾಳೆ: "ದುಡ್ಡು ಬೇಕಾದರೆ ಕೊಡ್ತೀನಿ. ಇವರನ್ನು ಅಪ್ಪ ಅಂತ ಕರೀರಿ ಅಂತ ಮಾತ್ರ ಹೇಳಬೇಡಿ."

ಸುಮ್ನೆ ಮೊತ್ತ ನಿಗದಿ ಮಾಡಿ ಫೈಲ್ ಮುಚ್ಚಬಹುದು. ಕಾಯ್ದೆಗೆ ಅಷ್ಟು ಸಾಕು.

ಮಗಳ ಆ ಮಾತನ್ನು ಕಾರ್ಯಕರ್ತೆ ಹಟ ಎಂದು ಬರೆದುಕೊಂಡರೆ ಮೊದಲ ತಪ್ಪು ಅಲ್ಲೇ ಆಗುತ್ತದೆ. ಅನಲೆಕ್ಟ್ಸ್‌ನಲ್ಲಿ ಚಿ ರಾಜ್ಯದ ಅರಸ ಒಳ್ಳೆಯ ಆಡಳಿತ ಯಾವುದು ಎಂದು ಕೇಳುತ್ತಾನೆ. ಅರಸ ಅರಸನಾಗಿರಲಿ, ಮಂತ್ರಿ ಮಂತ್ರಿಯಾಗಿರಲಿ, ಅಪ್ಪ ಅಪ್ಪನಾಗಿರಲಿ, ಮಗ ಮಗನಾಗಿರಲಿ ಎಂದು ಉತ್ತರ. ಹೆಸರಿಗೆ ತಕ್ಕ ನಡತೆ ಇರಬೇಕು, ಇಲ್ಲದಿದ್ದರೆ ಹೆಸರು ಖಾಲಿ. ಇಲ್ಲಿ ಅಪ್ಪ ಮೊದಲು ಬರುತ್ತಾನೆ, ಮಗ ಆಮೇಲೆ. ಈ ಮಗಳು ಹೇಳುತ್ತಿರುವುದೂ ಅದನ್ನೇ. ಆ ಹೆಸರನ್ನು ಇವನು ಗಳಿಸಿಲ್ಲ ಅಂತ.

ಹಾಗಾಗಿ ಕೆಲಸ ತಂದೆಯಿಂದ ಶುರುವಾಗಬೇಕು. ಇದು ನಮ್ಮ ಸಹಜ ಅಭ್ಯಾಸಕ್ಕೆ ತಿರುಗುಮುರುಗು. ಅರ್ಜಿದಾರ ಬಡವ, ಮುದುಕ, ಕಾಯಿಲೆಯವನು. ನಮ್ಮ ಕರುಣೆ ಅವನ ಕಡೆ ಓಡುತ್ತದೆ, ಬುದ್ಧಿವಾದ ಮಗಳ ಕಡೆ. ಕಾರ್ಯಕರ್ತೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸುತ್ತಾಳೆ ಅಂತಿಟ್ಟುಕೊಳ್ಳಿ. ತಂದೆಗೆ ಅವಳ ಪ್ರಶ್ನೆ ದುಡ್ಡಿನದಲ್ಲ. ಮಗಳಿಗೆ ಹತ್ತು, ಹನ್ನೊಂದು, ಹನ್ನೆರಡು ಆದಾಗ ನೀವು ಎಲ್ಲಿದ್ದಿರಿ? ಆ ವರ್ಷಗಳನ್ನು ಒಂದೊಂದಾಗಿ ಹೇಳಿ. ಇದು ವಿಚಾರಣೆ ಅಲ್ಲ. ಕನ್‌ಫ್ಯೂಷಿಯಸ್ ಪರಂಪರೆಯ ಚಿಂತಕ ಮೆನ್ಶಿಯಸ್ ಹೇಳಿದ ಹಾಗೆ, ಬಾವಿಗೆ ಬೀಳಲಿರುವ ಮಗುವನ್ನು ನೋಡಿದ ಯಾರಿಗೇ ಆದರೂ ಎದೆ ಝಲ್ ಎನ್ನುತ್ತದೆ, ಆ ಮೊಳಕೆ ಎಲ್ಲರಲ್ಲೂ ಇದೆ. ಈ ಮನುಷ್ಯನಲ್ಲೂ ಇದೆ ಅಂತ ನಂಬಿ ಕೇಳುವ ಪ್ರಶ್ನೆ ಅದು. ಅವನು ಉತ್ತರ ಕೊಡಬಹುದು, ಕೊಡದೆ ಎದ್ದೂ ಹೋಗಬಹುದು.

ಮಗಳ ಜೊತೆ ಮಾತು ಬೇರೆ. ಅವಳಿಗೆ ಮೊದಲು ಬೇಕಿರುವುದು ಬಿಡುಗಡೆ. ಭೇಟಿಯಾಗಲೇಬೇಕಿಲ್ಲ, ಕ್ಷಮಿಸಲೇಬೇಕಿಲ್ಲ. ದೊಡ್ಡ ಕೋಲಿನ ಕಥೆ ಇಲ್ಲಿ ಬರಬೇಕು. ಆಮೇಲೆ ಅಮ್ಮನ ಬಗ್ಗೆ ಕೇಳಬೇಕು. ಯಾಕೆಂದರೆ ಅವಳ ಶಿಯಾವ್ ಎಲ್ಲ ಅಲ್ಲಿದೆ. ಕರ್ತವ್ಯ ಇಲ್ಲದವಳು ಎನ್ನುವ ಗುರುತು ಹೊತ್ತು ಆ ಕಚೇರಿಗೆ ಬಂದ ಹೆಣ್ಣು, ಕೊನೆಯವರೆಗೂ ಅಮ್ಮನ ಔಷಧಿ, ಸ್ನಾನ, ಊಟ ಎಲ್ಲ ನೋಡಿಕೊಂಡವಳು. ಯಾರೂ ಅದನ್ನು ಕೇಳಿರುವುದಿಲ್ಲ.

ಇಲ್ಲಿ ಈ ಪರಂಪರೆಯ ಒಂದು ಕಪ್ಪು ಭಾಗವನ್ನು ಮುಚ್ಚಿಡಬಾರದು. ಶಾಸ್ತ್ರ ಮಗನ ಕರ್ತವ್ಯ ಎಂದು ಬರೆಯಿತು, ಕೆಲಸ ಮಾಡಿದವಳು ಸೊಸೆ, ಮಗಳು. ಹೆಣ್ಣು ಮೊದಲು ತಂದೆಯನ್ನು, ಆಮೇಲೆ ಗಂಡನನ್ನು, ಕೊನೆಗೆ ಮಗನನ್ನು ಅನುಸರಿಸಬೇಕು ಎಂಬ ಮೂರು ಅನುಸರಣೆಯ ನಿಯಮವೂ ಇದೇ ಪರಂಪರೆಯದು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಚೀನೀ ಮೂಲದ ಕುಟುಂಬಗಳನ್ನು ಅಧ್ಯಯನ ಮಾಡಿದ ತೈವಾನಿನ ಸಮಾಜಶಾಸ್ತ್ರಜ್ಞೆ ಲಾನ್ ಪೇ-ಚಿಯಾ, ಶಿಯಾವ್ ಉಪಗುತ್ತಿಗೆಗೆ ಹೋಗುತ್ತಿದೆ ಎಂದು ಬರೆದರು. ಮಗನಿಂದ ಸೊಸೆಗೆ, ಸೊಸೆಯಿಂದ ಸಂಬಳದ ಆರೈಕೆಯವಳಿಗೆ. ಸಿಂಗಾಪುರದ ಮನೆಗಳಲ್ಲಿ ಆ ಕೆಲಸ ಮಾಡುತ್ತಿರುವವರು ಇಂಡೋನೇಷ್ಯಾ, ಫಿಲಿಪೀನ್ಸ್, ಮ್ಯಾನ್ಮಾರ್‌ನ ಹೆಣ್ಣುಮಕ್ಕಳು. ಅವರ ಹೆತ್ತವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬ ಪ್ರಶ್ನೆ ಸಮಾಜಕಾರ್ಯದ ಚರ್ಚೆಯಲ್ಲಿ ಇನ್ನೂ ಜೋರಾಗಿ ಕೇಳಬೇಕು.

ನಮ್ಮ ಕಚೇರಿಗಳಿಗೂ ಈ ಮೇಜು ಬಂದಿದೆ. ಭಾರತದಲ್ಲಿ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರು, ನ್ಯಾಯಮಂಡಳಿಯ ಅಧ್ಯಕ್ಷರು. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಎಂದು ಕಾಯ್ದೆ ಮಿತಿ ಹಾಕಿದೆ. ನಮ್ಮಲ್ಲಿ ಜಗಳ ಬಹಳ ಸಲ ದಾನಪತ್ರ, ಸೈಟು, ಜಮೀನಿನ ಸುತ್ತ ತಿರುಗುತ್ತದೆ, ಯಾಕೆಂದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಮಕ್ಕಳಿಗೆ ಆಸ್ತಿ ಬರೆದುಕೊಟ್ಟಿದ್ದು, ಅವರು ನೋಡಿಕೊಳ್ಳದಿದ್ದರೆ, 23ನೇ ಕಲಂ ಅಡಿ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಸಂಧಾನ ಅಧಿಕಾರಿಗೆ ಕಳಿಸುವ ಅವಕಾಶ ಕಾಯ್ದೆಯಲ್ಲೇ ಇದೆ. ಆದರೆ ಸಿಂಗಾಪುರದಲ್ಲಿ ಹಾಗೆ ಕಳಿಸಲೇಬೇಕು, ನಮ್ಮಲ್ಲಿ ಕಳಿಸಬಹುದು. ಈ "ಲೇಬೇಕು" ಮತ್ತು "ಬಹುದು" ನಡುವೆ ಎಂಎಸ್‌ಡಬ್ಲ್ಯೂ ಓದಿದ ನಮ್ಮ ಹುಡುಗ ಹುಡುಗಿಯರ ಕೆಲಸ ಅಡಗಿದೆ.

ಮತ್ತೆ ಆ ತಂದೆ, ಆ ಮಗಳು. ಅವರ ಪ್ರಕರಣ ಎಲ್ಲಿಗೆ ಬಂದು ನಿಲ್ಲಬಹುದು? ನಾನು ಕಟ್ಟಿದ ಸನ್ನಿವೇಶದಲ್ಲಿ ಅಪ್ಪುಗೆ ಇಲ್ಲ, ಕಣ್ಣೀರೂ ಇಲ್ಲ. ಮಗಳು ತಿಂಗಳಿಗೆ 150 ಡಾಲರ್ ಕೊಡಲು ಒಪ್ಪುತ್ತಾಳೆ. ಚೀನೀ ಹೊಸ ವರ್ಷದ ಹಿಂದಿನ ರಾತ್ರಿಯ ಕುಟುಂಬದ ಊಟಕ್ಕೆ ಕರೆಯುವುದಿಲ್ಲ, ಅದು ಅವಳ ಸ್ವನಿರ್ಣಯ, ಅದನ್ನು ಗೌರವಿಸಬೇಕು. ತಂದೆ ಎರಡನೇ ಭೇಟಿಯಲ್ಲಿ ಒಂದು ಮಾತು ಕೇಳುತ್ತಾನೆ. ಅವಳ ಅಮ್ಮನ ಬೂದಿ ಎಲ್ಲಿ ಇಟ್ಟಿದ್ದಾರೆ ಅಂತ. ಸಿಂಗಾಪುರದಲ್ಲಿ ಜಾಗ ಕಡಿಮೆ, ಚೀನೀಯರಲ್ಲಿ ಹೆಚ್ಚಿನವರು ದಹನ ಮಾಡಿ ಬೂದಿಯನ್ನು ಗೂಡುಗಳಲ್ಲಿ ಇಡುತ್ತಾರೆ. ಮಂಡಾಯ್‌ನಲ್ಲಿ ಅಂಥ ದೊಡ್ಡ ಕಟ್ಟಡ ಇದೆ.

ಕಾರ್ಯಕರ್ತೆ ಆ ಪ್ರಶ್ನೆಯನ್ನು ಮಗಳಿಗೆ ದಾಟಿಸುತ್ತಾಳೆ. ಒತ್ತಾಯ ಮಾಡುವುದಿಲ್ಲ. ಮಗಳು ತುಂಬಾ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ಒಂದು ಚೀಟಿಯಲ್ಲಿ ಬ್ಲಾಕ್ ನಂಬರ್, ಗೂಡಿನ ನಂಬರ್ ಬರೆದುಕೊಡುತ್ತಾಳೆ. ತಾನು ಬೆಳಿಗ್ಗೆ ಬೇಗ ಹೋಗಿ ಬಂದುಬಿಡುತ್ತೇನೆ, ಅವರು ಆಮೇಲೆ ಬರಲಿ ಎನ್ನುತ್ತಾಳೆ. ಪೂರ್ವಜರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ಪ್ರತಿ ವರ್ಷ ಏಪ್ರಿಲ್ 4 ಅಥವಾ 5ಕ್ಕೆ ಬರುತ್ತದೆ. ಕಾರ್ಯಕರ್ತೆ ಮುಂದಿನ ಭೇಟಿಯ ದಿನವನ್ನು ಅದಾದ ಒಂದು ವಾರಕ್ಕೆ ಬರೆದುಕೊಳ್ಳುತ್ತಾಳೆ. ಫೈಲ್ ತೆರೆದೇ ಇರುತ್ತದೆ.